ಆಟಗಾರರು ಹುಟ್ಟುವ ಊರುಗಳು: ಒಂದು ಚಾರಿತ್ರಿಕ ನೋಟ



ಪಿರಿಯಾಪಟ್ಟಣದಿಂದ ಕುಶಾಲನಗರಕ್ಕೆ ಹೋಗುವ ದಾರಿ ಸುಮಾರು 20 ಕಿಲೋಮೀಟರು. ಸಂಜೆಯ ಹೊತ್ತು ಆ ದಾರಿಯಲ್ಲಿ ಹೋಗುವಾಗ ಬಸ್ಸಿನ ಕಿಟಕಿಯಿಂದ ಸ್ವಲ್ಪ ಗಮನವಿಟ್ಟು ನೋಡಿ. ನಮ್ಮ ಹಾರನಹಳ್ಳಿ ಕಡೆಯ ಸರ್ಕಾರಿ ಶಾಲೆಗಳ ಅಂಗಳದಲ್ಲಿ ಸುಣ್ಣದ ಗೆರೆ ಕಂಡರೆ ಅದು ಕಬಡ್ಡಿಯದು ಇಲ್ಲವೇ ಖೊಖೊ ಆಟದ್ದು. ಮುಂದೆ ಬೈಲಕುಪ್ಪೆಯ ಟಿಬೆಟನ್ನರ ಬಿಡಾರಗಳ ಹತ್ತಿರ ಬಂದರೆ ಮೈದಾನದ ಎರಡು ತುದಿಗಳಲ್ಲಿ ಫುಟ್‌ಬಾಲ್ ಗೋಲುಕಂಬಗಳು ನಿಂತಿರುತ್ತವೆ. ಕೊಪ್ಪ ಗೇಟು ದಾಟಿ ಕಾವೇರಿಯ ಸೇತುವೆ ಕಳೆದು ಕೊಡಗಿಗೆ ಕಾಲಿಟ್ಟಿರೋ, ಹುಡುಗರ ಕೈಯಲ್ಲಿ ಹಾಕಿ ಕೋಲು! ಅಷ್ಟು ಚಿಕ್ಕ ದೂರದಲ್ಲಿ ಮೂರು ಆಟ, ಮೂರು ಲೋಕ. ಮಳೆ ಹೆಚ್ಚುಕಡಿಮೆ ಒಂದೇ, ಹುಡುಗರ ವಯಸ್ಸೂ ಒಂದೇ. ಹಾಗಿದ್ದರೂ ಭಾರತ ತಂಡಕ್ಕೆ ಆಡಿದವರ ಪಟ್ಟಿಯನ್ನು ತೆಗೆದರೆ ಹೊಳೆಯ ಆಚೆ ದಡದ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ, ಈಚೆ ದಡದವು ಹುಡುಕಿದರೂ ಸಿಗುವುದು ಕಷ್ಟ.

ಇದಕ್ಕೆ ನಮ್ಮ ಜನ ಕೊಡುವ ಉತ್ತರ ಒಂದೇ: "ಅದು ಅವರ ರಕ್ತದಲ್ಲೇ ಬಂದಿದೆ, ನಮ್ಮ ಮಕ್ಕಳಿಗೆ ಎಲ್ಲಿಂದ ಬರಬೇಕು?" ಮನೆಗಳಲ್ಲಿ, ಅಂಗಡಿ ಕಟ್ಟೆಗಳಲ್ಲಿ, ಕೆಲವೊಮ್ಮೆ ಶಾಲೆಯ ಸಿಬ್ಬಂದಿ ಕೊಠಡಿಯಲ್ಲೂ ಕೇಳಿಬರುವ ಈ ಮಾತು ನಿಜವೇ? ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡೋಣ.

ರಕ್ತದ ಮಾತನ್ನು ಸರ್ಕಾರವೇ ನಂಬಿ ಪ್ರಯೋಗ ಮಾಡಿದ ಒಂದು ಪ್ರಸಂಗ ನಮ್ಮ ರಾಜ್ಯದಲ್ಲೇ ನಡೆದಿದೆ. ಉತ್ತರ ಕನ್ನಡದ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಇವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶಗಳ ಕ್ರೀಡಾ ಯೋಜನೆಯಡಿ ಸಿದ್ದಿ ಬಾಲಕ ಬಾಲಕಿಯರನ್ನು ಆರಿಸಿ ಕ್ರೀಡಾ ವಸತಿ ನಿಲಯಗಳಿಗೆ ಸೇರಿಸಿತು. ಆಫ್ರಿಕಾದ ಮೂಲದವರಾದುದರಿಂದ ಓಟದಲ್ಲಿ ಪದಕ ತಂದೇ ತರುತ್ತಾರೆ ಎಂಬುದು ಅಧಿಕಾರಿಗಳ ಲೆಕ್ಕಾಚಾರ. ಮಕ್ಕಳು ಚೆನ್ನಾಗಿಯೇ ಓಡಿದರು, ಕೆಲವರು ರಾಷ್ಟ್ರಮಟ್ಟಕ್ಕೂ ಹೋದರು. ಆದರೆ 1990ರ ದಶಕದ ಆರಂಭದಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಅನೇಕರು ಊರಿಗೆ ಮರಳಿ ಕೂಲಿ ಕೆಲಸಕ್ಕೆ ನಿಂತರು. ಯೋಜನೆ ನಿಂತ ದಿನ ಅವರ ರಕ್ತವೇನೂ ಬದಲಾಗಲಿಲ್ಲ. ಬದಲಾದದ್ದು ಊಟ, ವಸತಿ, ತರಬೇತಿ, ಮುಂದಿನ ದಾರಿ. ಅಷ್ಟು ಸಾಕಾಯಿತು, ಪ್ರತಿಭೆ ಕಣ್ಮರೆಯಾಗಲು.

ಈಗ ಫುಟ್‌ಬಾಲ್ ವಿಷಯಕ್ಕೆ ಬರೋಣ. ಕರ್ನಾಟಕದ ಫುಟ್‌ಬಾಲ್ ಚರಿತ್ರೆ ಎಂದರೆ ಬಹುಮಟ್ಟಿಗೆ ಬೆಂಗಳೂರಿನ ಚರಿತ್ರೆ. ಇಡೀ ಬೆಂಗಳೂರೂ ಅಲ್ಲ, ದಂಡು ಪ್ರದೇಶದ ಆಸುಪಾಸಿನ ಕೆಲವು ಮೊಹಲ್ಲಾಗಳು ಮಾತ್ರ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡನ್ನು ಸ್ಥಾಪಿಸಿದ ಮೇಲೆ ಸೈನ್ಯದ ಹಿಂದೆ ಸಾವಿರಾರು ಜನ ಬಂದು ನೆಲೆಸಿದರು. ತಮಿಳು ಸೀಮೆಯ ಕೂಲಿಕಾರರು, ದಖ್ಖನಿ ಮಾತಿನ ಮುಸ್ಲಿಮರು, ಆಂಗ್ಲೋ ಇಂಡಿಯನ್ನರು, ಕುದುರೆ ಲಾಯದವರು, ದರ್ಜಿಗಳು, ಅಡುಗೆಯವರು ಇವರೆಲ್ಲರ ಮಕ್ಕಳು ಗೋರಾ ಸಿಪಾಯಿಗಳ ಆಟವನ್ನು ಬೇಲಿಯಾಚೆ ನಿಂತು ನೋಡಿದರು. ಹೊರಗೆ ಬಿದ್ದ ಚೆಂಡನ್ನು ಎತ್ತಿಕೊಡುತ್ತ ಕೊಡುತ್ತ ತಾವೂ ಬರಿಗಾಲಿನಲ್ಲಿ ಒದೆಯಲು ಕಲಿತರು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಶಿವಾಜಿನಗರ: ಈ ಹೆಸರುಗಳನ್ನು ನೆನಪಿಡಿ. ಗೌತಮಪುರದಲ್ಲಿ ಇಂದಿಗೂ ಬುದ್ಧ, ಅಂಬೇಡ್ಕರರ ಪ್ರತಿಮೆಗಳ ಜೊತೆಯಲ್ಲಿ ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯೂ ಇದೆ ಎಂದರೆ ಅಲ್ಲಿನ ಜನರ ಆಸಕ್ತಿ ಎಂಥದೆಂದು ಊಹಿಸಿಕೊಳ್ಳಿ.

ಅಲ್ಲಿಯ ಒಂದು ಸಂಸ್ಥೆಯ ಬಗ್ಗೆ ನಮ್ಮ ವಿದ್ಯಾರ್ಥಿಗಳು ತಿಳಿದಿರಲೇಬೇಕು. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ ಆರಂಭವಾದದ್ದು 1891ರಲ್ಲಿ. ಅದನ್ನು ವರ್ಷ ವರ್ಷವೂ ಗೆಲ್ಲುತ್ತಿದ್ದವರು ಬ್ರಿಟಿಷ್ ಪಲ್ಟನ್ನುಗಳವರು. 1937ರಲ್ಲಿ ಮೊಟ್ಟಮೊದಲ ಬಾರಿಗೆ ಒಂದು ಭಾರತೀಯ ತಂಡ ಆ ಕಪ್ಪನ್ನು ಎತ್ತಿತು. ಆ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. ಮರುವರ್ಷ 1938ರಲ್ಲಿಯೂ ಅವರೇ ಗೆದ್ದರು. ಕಲ್ಕತ್ತೆಯ ಪ್ರಸಿದ್ಧ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವು ರೋವರ್ಸ್ ಮತ್ತು ಡುರಾಂಡ್ ಕಪ್‌ಗಳನ್ನು ಗೆದ್ದದ್ದು ಅದಾದ ಮೇಲೆ, 1940ರಲ್ಲಿ. ಕಲ್ಕತ್ತೆಯವರ ಕೀರ್ತಿ ಪುಸ್ತಕಗಳಲ್ಲಿದೆ, ನಮ್ಮವರ ಕೀರ್ತಿಯನ್ನು ನಾವೇ ಮರೆತಿದ್ದೇವೆ.

ಇದೇ ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಆಡಿ ಬೆಳೆದವರು ಮರ್ಹೂಂ ಅಹ್ಮದ್ ಖಾನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ವಿರುದ್ಧ ಆಡಿದಾಗ ಬಹುಪಾಲು ಆಟಗಾರರ ಕಾಲಿನಲ್ಲಿ ಬೂಟುಗಳಿರಲಿಲ್ಲ. ಆ ಪಂದ್ಯದಲ್ಲಿ ನಾವು 1-2ರಿಂದ ಸೋತೆವು. ಭಾರತದ ಆ ಒಂದೇ ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ಎಸ್. ರಾಮನ್. ಆ ತಂಡದಲ್ಲಿ ಅಹ್ಮದ್ ಖಾನ್, ಧನರಾಜ್ ಮುಂತಾದ ಬೆಂಗಳೂರಿನವರಿದ್ದರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಅಹ್ಮದ್ ಖಾನ್ ಇದ್ದರು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾ ನಮ್ಮ ಮೇಲೆ ಹತ್ತು ಗೋಲು ಹೊಡೆದಾಗ ಭಾರತದ ಒಂಟಿ ಗೋಲು ಅವರದೇ. 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿದ ಅವರನ್ನೂ ಧನರಾಜ್, ಸಾಲೆ, ಅಪ್ಪಾರಾವ್, ವೆಂಕಟೇಶ್ ಅವರನ್ನೂ ಅಲ್ಲಿನ ಜನ "ಪಂಚ ಪಾಂಡವರು" ಎಂದೇ ಕರೆದರು. 2017ರಲ್ಲಿ ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ ಕಲ್ಕತ್ತೆಯ ಪತ್ರಿಕೆಗಳು ಬರೆದಷ್ಟು ನಮ್ಮ ಪತ್ರಿಕೆಗಳು ಬರೆಯಲಿಲ್ಲ ಎಂಬುದು ನನಗನಿಸಿದ ಮಾತು.

ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು: 1946-47, 1952-53, 1967-68 ಮತ್ತು 1968-69. ಗಮನಿಸಿ, ಇದೇ ಅವಧಿಯಲ್ಲಿ ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮೊದಲಾದ ಕಾರ್ಖಾನೆಗಳು ಬೆಳೆದವು. ಸೈನ್ಯದ ತಂಡಗಳು ಮೊದಲೇ ಇದ್ದವು. ಚೆನ್ನಾಗಿ ಒದೆಯಬಲ್ಲ ಹುಡುಗನಿಗೆ ಹೈಸ್ಕೂಲು ಮುಗಿಯುವ ಹೊತ್ತಿಗೆ ಕಾರ್ಖಾನೆಯಲ್ಲಿ ನೌಕರಿ ಸಿಗುವ ಸಂಭವವಿತ್ತು. ಬೆಳಗ್ಗೆ ಯಂತ್ರದ ಮುಂದೆ, ಸಂಜೆ ಮೈದಾನದಲ್ಲಿ. ಮನೆಯವರಿಗೂ ಸಮಾಧಾನ. "ಆಡಿ ಕೆಟ್ಟ" ಎನ್ನುವ ಬದಲು "ಆಡಿ ನೌಕರಿ ಹಿಡಿದ" ಎನ್ನುವಂತಾಯಿತು. ಮುಂದೆ ಕಾರ್ಖಾನೆಗಳು ನೇಮಕಾತಿಯನ್ನೇ ಕಡಿಮೆ ಮಾಡಿದವು, ಆಟಗಾರರ ನೇಮಕಾತಿ ಅದರೊಂದಿಗೇ ಕುಗ್ಗಿತು. ಐದನೆಯ ಸಂತೋಷ್ ಟ್ರೋಫಿಗೆ ಕರ್ನಾಟಕ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚಿಯಲ್ಲಿ ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಅದು ಬಂದಿತು. ಅಷ್ಟರಲ್ಲಿ 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್.ಸಿ. ಎಂಬ ವೃತ್ತಿಪರ ಕ್ಲಬ್ಬು ಬಂದು ಹುಡುಗರಿಗೆ ಮತ್ತೊಂದು ಬಾಗಿಲು ತೆರೆದಿತ್ತು.

ಹೈದರಾಬಾದಿನ ಕಥೆಯೂ ಇದೇ ಜಾಡಿನದು. ಅಲ್ಲಿನ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಅದರ ತರಬೇತುದಾರರು ಸೈಯದ್ ಅಬ್ದುಲ್ ರಹೀಂ ಸಾಹೇಬರು. ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದದ್ದು, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಚಿನ್ನ ಗೆದ್ದದ್ದು ಇವರ ಕೈಕೆಳಗೆ. ಇವರು ವೃತ್ತಿಯಿಂದ ಏನಾಗಿದ್ದರು ಗೊತ್ತೇ? ಶಾಲಾ ಮೇಷ್ಟ್ರು! ಮಧ್ಯಮ ಶಾಲೆ, ಹೈಸ್ಕೂಲುಗಳಲ್ಲಿ ಪಾಠ ಹೇಳುತ್ತಿದ್ದವರು. ಯಾವ ಹುಡುಗನ ಕಾಲಿನಲ್ಲಿ ಏನಿದೆ ಎಂದು ಹದಿನಾಲ್ಕರ ವಯಸ್ಸಿನಲ್ಲೇ ಗುರುತಿಸುವ ಕಣ್ಣು ಮೇಷ್ಟ್ರಿಗಲ್ಲದೆ ಮತ್ತಾರಿಗೆ ಇರುತ್ತದೆ? 1963ರಲ್ಲಿ ರಹೀಂ ಸಾಹೇಬರು ತೀರಿಕೊಂಡರು. ಪೊಲೀಸ್ ತಂಡದ ವೈಭವ ಮುಗಿದ ಮೇಲೆ ಹೈದರಾಬಾದಿನಿಂದ ಭಾರತ ತಂಡಕ್ಕೆ ಹೋಗುವವರ ಸಾಲು ತೆಳುವಾಗುತ್ತ ಬಂತು. ಗಲ್ಲಿಗಳು ಅವೇ, ಮನೆತನಗಳೂ ಅವೇ.

ನಮ್ಮ ನೆರೆಯ ಕೊಡಗಿಗೆ ಬನ್ನಿ. ಕೊಡಗಿನಲ್ಲಿ ಹಾಕಿ ಬೇರೂರಿದ್ದು ಸೈನ್ಯದ ಮೂಲಕ. ಸೈನ್ಯಕ್ಕೆ ಸೇರಿದ ಯುವಕರು ಅಲ್ಲಿ ಹಾಕಿ ಆಡಿದರು, ರಜೆಗೆ ಬರುವಾಗ ಕೋಲು ಹಿಡಿದು ಬಂದರು, ನಿವೃತ್ತರಾದ ಮೇಲೆ ಊರಿನ ಹುಡುಗರಿಗೆ ಕಲಿಸಿದರು. ಸೇನಾ ತಂಡದಲ್ಲಿ ಆಡಿದ ಎಂ.ಪಿ. ಗಣೇಶ್ 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿ ಬೆಳ್ಳಿ ತಂದರು. 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್ ಚಿನ್ನ ಗೆದ್ದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಈ ಪುಟ್ಟ ಜಿಲ್ಲೆಯ ರಘುನಾಥ್, ಸುನಿಲ್, ಉತ್ತಪ್ಪ ಮತ್ತು ನಿಕಿನ್ ತಿಮ್ಮಯ್ಯ ನಾಲ್ವರೂ ಇದ್ದರು.

ಇಷ್ಟೇ ಆಗಿದ್ದರೆ ಸೈನ್ಯದ ಕಥೆ ಎಂದು ಸುಮ್ಮನಾಗಬಹುದಿತ್ತು. ಆದರೆ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬವೊಂದನ್ನು ಆರಂಭಿಸಿದರು. ಮೊದಲ ವರ್ಷ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳ ತಂಡಗಳು ಬಂದು ಗಿನ್ನೆಸ್ ದಾಖಲೆ ಸೇರಿದವು. ಕುಟುಂಬದ ತಂಡವೆಂದ ಮೇಲೆ ಅಜ್ಜನೂ ಆಡುತ್ತಾನೆ, ಮೊಮ್ಮಗನೂ ಆಡುತ್ತಾನೆ, ಸೊಸೆ ಮಗಳೂ ಕೋಲು ಹಿಡಿಯುತ್ತಾರೆ. ಹತ್ತು ವರ್ಷದ ಮಗುವಿಗೆ ಸಾವಿರಾರು ಜನರ ಮುಂದೆ ಆಡುವ ಅವಕಾಶ ಅಲ್ಲಿ ಸಿಗುತ್ತದೆ. ಅಲ್ಲಿಂದ ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯ, ಕೂಡಿಗೆಯ ಕ್ರೀಡಾಶಾಲೆ, ಮಡಿಕೇರಿಯ ಪ್ರಾಧಿಕಾರದ ನಿಲಯ, ಹೀಗೆ ಮೆಟ್ಟಿಲ ಮೇಲೆ ಮೆಟ್ಟಿಲು. ಇದನ್ನು ರಕ್ತ ಎಂದು ಕರೆದರೆ ಆ ಜನ ಪಟ್ಟ ಶ್ರಮಕ್ಕೆ ಅನ್ಯಾಯ ಮಾಡಿದಂತೆ.

ಬೈಲಕುಪ್ಪೆಯದು ಇನ್ನೂ ವಿಚಿತ್ರ. 1961ರಲ್ಲಿ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡುಭೂಮಿಯಲ್ಲಿ ಟಿಬೆಟನ್ ನಿರಾಶ್ರಿತರು ಬಿಡಾರ ಹೂಡಿದರು. ಕಾಡು ಕಡಿದು ಜೋಳ ಬೆಳೆದವರು ಶಾಲೆ ಕಟ್ಟುವಾಗ ಮೈದಾನಕ್ಕೆ ಜಾಗ ಬಿಡುವುದನ್ನು ಮರೆಯಲಿಲ್ಲ. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಿಂದ ದೇಶದ ಎಲ್ಲಾ ಟಿಬೆಟನ್ ವಸಾಹತುಗಳ ನಡುವೆ ಒಂದು ಫುಟ್‌ಬಾಲ್ ಪಂದ್ಯಾವಳಿ ನಡೆಯುತ್ತ ಬಂದಿದೆ. 2001ರ ಜೂನ್ 30ರಂದು ಕೋಪನ್‌ಹೇಗನ್‌ನಲ್ಲಿ ಟಿಬೆಟ್ ಹೆಸರಿನ ತಂಡವೊಂದು ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 1-4ರಿಂದ ಸೋತಿತು. ಅದು ಅವರ ಮೊದಲ ಅಂತರರಾಷ್ಟ್ರೀಯ ಪಂದ್ಯ. ಆದರೆ ಆ ತಂಡಕ್ಕೆ ಫಿಫಾದ ಮಾನ್ಯತೆ ಇಲ್ಲ. ಮೈದಾನವಿದೆ, ಪಂದ್ಯಾವಳಿ ಇದೆ, ಆಟದ ಹುಚ್ಚೂ ಇದೆ. ಮೇಲಿನ ಮೆಟ್ಟಿಲು ಮಾತ್ರ ಇಲ್ಲದ್ದರಿಂದ ಅಲ್ಲಿನ ಒಳ್ಳೊಳ್ಳೆಯ ಆಟಗಾರರು ವಸಾಹತಿನ ಒಳಗೇ ಉಳಿದರು. ಹೊಳೆಯ ಆ ದಡಕ್ಕೂ ಈ ದಡಕ್ಕೂ ಇರುವ ವ್ಯತ್ಯಾಸ ಇದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ.

ದೂರದ ಅಮೆರಿಕದಲ್ಲಿ ಈ ಪ್ರಾಂತೀಯ ವ್ಯತ್ಯಾಸವೇ ಒಂದು ದೊಡ್ಡ ಉದ್ಯಮವಾಗಿ ಬೆಳೆದಿದೆ. ಅಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಟೆಕ್ಸಸ್, ಫ್ಲಾರಿಡಾ, ಕ್ಯಾಲಿಫೋರ್ನಿಯಾ ರಾಜ್ಯಗಳ ಹೈಸ್ಕೂಲುಗಳನ್ನು ಕಾಲೇಜು ತರಬೇತುದಾರರು ಜರಡಿ ಹಿಡಿದು ಶೋಧಿಸುತ್ತಾರೆ. ಹುಡುಗರಿಗೆ ಹೋಟೆಲುಗಳಿಗೆ ಕೊಡುವ ಹಾಗೆ ನಕ್ಷತ್ರಗಳನ್ನು ಕೊಟ್ಟು ಶ್ರೇಣಿ ಕಟ್ಟುತ್ತಾರೆ. ಫ್ಲಾರಿಡಾದ ಒಂದು ಸರೋವರದ ದಡದಲ್ಲಿ ಬೆಲ್ ಗ್ಲೇಡ್, ಪಹೋಕಿ ಎಂಬ ಎರಡು ಬಡ ಊರುಗಳಿವೆ. ಸುತ್ತ ಬರೀ ಕಬ್ಬಿನ ಗದ್ದೆ. ಅಲ್ಲಿಂದ ವೃತ್ತಿಪರ ತಂಡಗಳಿಗೆ ಹೋದವರ ಸಂಖ್ಯೆ ಊರಿನ ಗಾತ್ರಕ್ಕೆ ಹೋಲಿಸಿದರೆ ಆಶ್ಚರ್ಯ ಹುಟ್ಟಿಸುವಷ್ಟಿದೆ. ಕಟಾವಿಗೆ ಮುನ್ನ ಗದ್ದೆಗೆ ಬೆಂಕಿ ಹಾಕಿದಾಗ ಹೊರಗೆ ಓಡುವ ಮೊಲಗಳನ್ನು ಬೆನ್ನಟ್ಟಿ ಹಿಡಿಯುವುದರಿಂದಲೇ ಅಲ್ಲಿನ ಹುಡುಗರಿಗೆ ಅಷ್ಟು ವೇಗ ಬಂದಿತು ಎಂದು ಜನ ಹೇಳುತ್ತಾರೆ. ಕೇಳಲು ಸೊಗಸಾಗಿದೆ. ಆದರೆ ಕಬ್ಬಿನ ಗದ್ದೆ ನಮ್ಮ ಮಂಡ್ಯದಲ್ಲೂ ಇದೆ, ಕೆ.ಆರ್. ನಗರದಲ್ಲೂ ಇದೆ. ಮೊಲಗಳಿಗೂ ಬರವಿಲ್ಲ! ಇಲ್ಲದಿರುವುದು ಶುಕ್ರವಾರ ರಾತ್ರಿ ದೀಪದ ಬೆಳಕಿನಲ್ಲಿ ಊರಿಗೆ ಊರೇ ಬಂದು ನೋಡುವ ಶಾಲಾ ಪಂದ್ಯ, ಸಂಬಳ ಪಡೆಯುವ ತರಬೇತುದಾರ, ಪಂದ್ಯ ನೋಡಲು ಬಂದು ಪುಕ್ಕಟೆ ಸೀಟು ಕೊಟ್ಟು ಕರೆದೊಯ್ಯುವ ಕಾಲೇಜು.

ಪುಕ್ಕಟೆ ಸೀಟಿನ ಮಾತು ಬಂದುದರಿಂದ ಹೇಳುತ್ತೇನೆ. ನಮ್ಮಲ್ಲಿಯೂ ಮೂಡಬಿದಿರೆಯ ಆಳ್ವಾಸ್ ಸಂಸ್ಥೆ ರಾಜ್ಯದ ಮೂಲೆಮೂಲೆಗಳಿಂದ ಕ್ರೀಡಾ ವಿದ್ಯಾರ್ಥಿಗಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುತ್ತ ಬಂದಿದೆ. ವಿಜಯಪುರ, ಬಾಗಲಕೋಟೆ ಕಡೆಯ ಬಯಲಿನಿಂದ ಸೈಕಲ್ ಸವಾರರು ಬಂದದ್ದಕ್ಕೂ ಅಲ್ಲಿನ ಕ್ರೀಡಾ ವಸತಿ ನಿಲಯಕ್ಕೂ ನೇರ ಸಂಬಂಧವಿದೆ.

ವಿದ್ಯಾರ್ಥಿ ಮಿತ್ರರೇ, ನಮ್ಮ ಮೈಸೂರು ಜಿಲ್ಲೆಯ ಹೆಸರು ಎಲ್ಲಿಯೂ ಇಲ್ಲವೆಂದು ತಿಳಿಯಬೇಡಿ. ಮೈಸೂರಿನ ಗರಡಿಗಳು, ದಸರಾ ಕುಸ್ತಿ ನಿಮಗೆ ಗೊತ್ತೇ ಇದೆ. ಅರಮನೆಯ ಪೋಷಣೆ ಇದ್ದಷ್ಟು ಕಾಲ ಪೈಲ್ವಾನರಿಗೆ ಮರ್ಯಾದೆಯೂ ಇತ್ತು, ಹಾಲು ತುಪ್ಪವೂ ಇತ್ತು. ಆದರೆ ನಾನು ಹೆಚ್ಚು ಹೇಳಬೇಕೆಂದಿರುವುದು ತಿ. ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಹಳ್ಳಿಯ ಬಗ್ಗೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆಯಿತು. ಅಂತಿಮ ಪಂದ್ಯದಲ್ಲಿ ನೇಪಾಳವನ್ನು ಸೋಲಿಸಿ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಕುರುಬೂರಿನ ಬಿ. ಚೈತ್ರಾ ಇದ್ದರು. ರೈತನ ಮಗಳು. ಊರಿನ ಶಾಲೆಯ ದೈಹಿಕ ಶಿಕ್ಷಕರಿಂದ ಆಟ ಕಲಿತವರು. ಅಲ್ಲಿ ಹಾಕಿಯಂತೆ ಹುಲ್ಲುಹಾಸು ಬೇಕಿರಲಿಲ್ಲ, ಬೂಟೂ ಬೇಕಿರಲಿಲ್ಲ. ಎರಡು ಕಂಬ, ಒಂದಿಷ್ಟು ಹದವಾದ ಮಣ್ಣು, ದಿನವೂ ಸಂಜೆ ತಪ್ಪದೆ ನಿಲ್ಲುವ ಒಬ್ಬ ಮೇಷ್ಟ್ರು. ಹೆಣ್ಣುಮಗುವನ್ನು ಏಳನೆಯ ತರಗತಿಯ ನಂತರ ಮೈದಾನಕ್ಕೆ ಕಳಿಸಲು ಹಿಂದೆಮುಂದೆ ನೋಡುವ ತಂದೆತಾಯಂದಿರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಇನ್ನು ನಮ್ಮ ಹಾರನಹಳ್ಳಿಯ ಮಟ್ಟಿಗೆ ಒಂದು ಕಾರಣವನ್ನು ಬಿಡಿಸಿ ಹೇಳಬೇಕು. ಶಾಲಾ ಕ್ರೀಡಾಕೂಟದ ವ್ಯವಸ್ಥೆ ನಿಮಗೆ ತಿಳಿದಿದೆ: ಮೊದಲು ಹೋಬಳಿ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ಕೊನೆಗೆ ರಾಜ್ಯಮಟ್ಟ. ಹೋಬಳಿಯಲ್ಲಿ ಮೊದಲ ಮೆಟ್ಟಿಲು ತಪ್ಪಿದ ಹುಡುಗನನ್ನು ಮೇಲಿನವರು ಯಾರೂ ನೋಡುವುದೇ ಇಲ್ಲ. ಈ ಹೋಬಳಿ, ತಾಲ್ಲೂಕು ಕೂಟಗಳು ಸಾಮಾನ್ಯವಾಗಿ ನಡೆಯುವುದು ಜುಲೈಯಿಂದ ಸೆಪ್ಟೆಂಬರ್ ಒಳಗೆ. ನಮ್ಮ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಹೊಗೆಸೊಪ್ಪಿನ ಎಲೆ ಮುರಿಯುವುದೂ, ಕಡ್ಡಿಗೆ ಕಟ್ಟುವುದೂ, ಬ್ಯಾರನ್‌ಗೆ ಏರಿಸಿ ರಾತ್ರಿಯೆಲ್ಲಾ ಬೆಂಕಿ ಕಾಯುವುದೂ ಅದೇ ತಿಂಗಳುಗಳಲ್ಲಿ. ಮನೆಯ ದೊಡ್ಡ ಮಗ ಬ್ಯಾರನ್ ಮುಂದೆ ಕುಳಿತಿದ್ದರೆ ಬೆಳಗ್ಗೆ ಆಯ್ಕೆಗೆ ಓಡುವವನು ಯಾರು? ಓಡಿದರೂ ನಿದ್ದೆಗಣ್ಣಿನ ಓಟ. ಹೊಳೆಯಾಚೆ ಕಾಫಿ ಕೊಯ್ಲು ಬರುವುದು ಚಳಿಗಾಲಕ್ಕೆ. ಹಾಕಿ ಹಬ್ಬ ನಡೆಯುವುದು ಕೊಯ್ಲು ಮುಗಿದ ಮೇಲೆ, ಬೇಸಿಗೆ ರಜೆಯಲ್ಲಿ. ಬೆಳೆಯ ಪಂಚಾಂಗಕ್ಕೂ ಆಟದ ಪಂಚಾಂಗಕ್ಕೂ ಅಲ್ಲಿ ಹೊಂದಾಣಿಕೆ ಇದೆ, ಇಲ್ಲಿ ಎರಡೂ ಡಿಕ್ಕಿ ಹೊಡೆಯುತ್ತವೆ. ಈ ಸಂಗತಿಯನ್ನು ಯಾವ ಕ್ರೀಡಾ ಪುಸ್ತಕವೂ ಬರೆದಂತೆ ಕಾಣೆ.

ಪೇಟೆಯಲ್ಲಿರುವ ಶಾಲೆಗಳದು ಬೇರೆ ಕಷ್ಟ. ಮನೆಗಳ ನಡುವೆ ಇಕ್ಕಟ್ಟಾಗಿ ಕಟ್ಟಿದ ಶಾಲೆಯಲ್ಲಿ ಪ್ರಾರ್ಥನೆಗೆ ಸಾಲು ನಿಲ್ಲುವುದಕ್ಕೇ ಜಾಗ ಸಾಲದು, ಇನ್ನು ಚೆಂಡು ಒದೆಯುವುದೆಲ್ಲಿ? ದೈಹಿಕ ಶಿಕ್ಷಕರಿಲ್ಲದ ಶಾಲೆಗಳಲ್ಲಿ ಆಟದ ಪಿರಿಯಡ್ಡು ಗಣಿತಕ್ಕೆ ಹೋಗುತ್ತದೆ. ಪೋಷಕರಾದ ನಾವೂ ಅದಕ್ಕೆ ಸಂತೋಷಪಡುತ್ತೇವೆ.

ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಯ ವಸತಿ ನಿಲಯಗಳಿಗೆ ಮಕ್ಕಳನ್ನು ಆರಿಸುವುದು ಸಣ್ಣ ವಯಸ್ಸಿನಲ್ಲಿ, ಪ್ರಾಥಮಿಕ ಶಾಲೆಯ ಕೊನೆಯ ತರಗತಿಗಳಲ್ಲಿ ಇರುವಾಗಲೇ. ಎತ್ತರ, ತೂಕ, ಓಟ, ಜಿಗಿತ ಅಳೆದು ಆರಿಸುತ್ತಾರೆ. ಆಯ್ಕೆಯಾದವರಿಗೆ ಊಟ, ವಸತಿ, ಓದು, ತರಬೇತಿ ಎಲ್ಲವೂ ಸರ್ಕಾರದ್ದೇ. ಆಯ್ಕೆಯ ಪ್ರಕಟಣೆ ಪತ್ರಿಕೆಗಳ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನಲ್ಲಿ ಬರುತ್ತದೆ. ಕೊಡಗಿನಲ್ಲಿ ಅದನ್ನು ಕತ್ತರಿಸಿ ಇಟ್ಟುಕೊಳ್ಳುವ ಮನೆಗಳಿವೆ. ನಮ್ಮ ಸಂಘದ ಸೂಚನಾ ಫಲಕದಲ್ಲಿ ವಿದ್ಯಾರ್ಥಿವೇತನದ ಪ್ರಕಟಣೆಗಳಿಗೆ ಪಕ್ಕದಲ್ಲಿ ಅಷ್ಟಗಲದ ಜಾಗ ಖಾಲಿ ಇದೆ, ನಾನು ನೋಡಿದ್ದೇನೆ. ಕೂಡಿಗೆಯ ಕ್ರೀಡಾಶಾಲೆ ಕುಶಾಲನಗರದ ಪಕ್ಕದಲ್ಲೇ ಇದೆ. ಬಸ್ಸು ನಮ್ಮ ಊರಿನ ಮುಂದೆಯೇ ಹೋಗುತ್ತದೆ.